ಮಕ್ಕಳ ತೊಡೆಸಂದಿನ ಹರ್ನಿಯಾ: ಶಸ್ತ್ರಚಿಕಿತ್ಸೆಯ ಚರಿತ್ರೆಯ ಕೆಲವು ಘಟ್ಟಗಳು

ಶಸ್ತ್ರವೈದ್ಯದ ಚರಿತ್ರೆಯನ್ನು ಬರೆಯುವವರ ಗಮನ ಸಾಮಾನ್ಯವಾಗಿ ಹೃದಯ, ಮೆದುಳು, ಅಂಗಗಳ ಕಸಿ ಮೊದಲಾದ ದೊಡ್ಡ ಸಾಹಸಗಳ ಕಡೆಗೆ ಹರಿಯುತ್ತದೆ. ಮಗುವಿನ ತೊಡೆಸಂದಿನಲ್ಲಿ ಅತ್ತಾಗ ಕಾಣಿಸಿಕೊಂಡು, ಮಲಗಿದಾಗ ಮಾಯವಾಗುವ ಒಂದು ಸಣ್ಣ ಉಬ್ಬು ಅಂಥ ಚರಿತ್ರೆಗಳಲ್ಲಿ ಒಂದೆರಡು ಸಾಲುಗಳ ಪಾಲನ್ನಷ್ಟೇ ಪಡೆದಿದೆ. ಆದರೆ ಇಂದು ಜಗತ್ತಿನಾದ್ಯಂತ ಮಕ್ಕಳ ಮೇಲೆ ನಡೆಯುವ ಶಸ್ತ್ರಕ್ರಿಯೆಗಳಲ್ಲಿ ಅತ್ಯಂತ ಸಾಮಾನ್ಯವಾದವುಗಳ ಸಾಲಿನಲ್ಲಿ ಈ ಹರ್ನಿಯಾದ ಶಸ್ತ್ರಕ್ರಿಯೆ ನಿಲ್ಲುತ್ತದೆ. ನೂರು ಮಕ್ಕಳಲ್ಲಿ ಒಂದರಿಂದ ನಾಲ್ಕು ಮಕ್ಕಳಿಗೆ ಈ ದೋಷವಿರುತ್ತದೆಂಬುದು ವೈದ್ಯರ ಅಂದಾಜು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಹಲವು ಪಟ್ಟು ಅಧಿಕ; ಎಡಕ್ಕಿಂತ ಬಲಗಡೆಯಲ್ಲಿ ಅಧಿಕ. ಇಷ್ಟು ಸಾಮಾನ್ಯವಾದ ಒಂದು ಕಾಯಿಲೆಯನ್ನು ಹೇಗೆ ವಾಸಿಮಾಡಬೇಕೆಂಬುದು ಖಚಿತವಾಗಲು ಎರಡು ಸಾವಿರ ವರ್ಷಗಳು ಬೇಕಾದವು. ಅದಕ್ಕಿಂತಲೂ ಆಶ್ಚರ್ಯದ ಸಂಗತಿಯೆಂದರೆ, ಕಾಯಿಲೆಯ ಮೂಲ ಕಾರಣ ಗೊತ್ತಾದ ಮೇಲೂ ಆ ತಿಳಿವಳಿಕೆ ಚಿಕಿತ್ಸೆಯಾಗಿ ರೂಪುಗೊಳ್ಳಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಈ ವಿಳಂಬದ ಕಾರಣಗಳನ್ನು ಹುಡುಕುವುದು ಪ್ರಸ್ತುತ ಪ್ರಬಂಧದ ಮುಖ್ಯ ಉದ್ದೇಶ.

ಮೊದಲಿಗೆ ಹೆಸರುಗಳ ವಿಚಾರ. ಇಂಗ್ಲಿಷಿನ ಜನಬಳಕೆಯಲ್ಲಿ ಈ ಕಾಯಿಲೆಗೆ ‘ರಪ್ಚರ್’ ಎಂಬ ಮಾತಿದೆ. ಎಂದರೆ ಹರಿದದ್ದು, ಸೀಳಿದ್ದು. ಸಂಸ್ಕೃತದ ವೈದ್ಯಗ್ರಂಥಗಳು ‘ಅಂತ್ರವೃದ್ಧಿ’ ಎನ್ನುತ್ತವೆ. ಕರುಳಿನಿಂದ ಆದ ಊತ. ಕನ್ನಡದ ಆಡುಮಾತಿನಲ್ಲಿ ‘ಅಂಡವಾಯು’ ಎಂಬ ಮಾತು ಬಳಕೆಯಲ್ಲಿದೆ. ಹರ್ನಿಯಾ, ನೀರು ತುಂಬಿದ ಅಂಡ ಎಂಬ ಭೇದವನ್ನು ಎಣಿಸದೆ ಅದು ಎರಡಕ್ಕೂ ಅನ್ವಯಿಸುತ್ತದೆ. ಒಂದು ಹೆಸರು ಹರಿತವನ್ನು, ಒಂದು ಊತವನ್ನು, ಮತ್ತೊಂದು ವಾಯುವನ್ನು ಕಾರಣವಾಗಿ ಕಂಡಿದೆ. ಮಗುವಿನ ಮಟ್ಟಿಗೆ ಈ ಮೂರೂ ಪೂರ್ತಿ ಸರಿಯಲ್ಲ. ಅಲ್ಲಿ ಏನೂ ಹರಿದಿಲ್ಲ. ಮುಚ್ಚಬೇಕಾದದ್ದು ಮುಚ್ಚದೆ ಉಳಿದಿದೆ, ಅಷ್ಟೆ. ಈ ಒಂದು ವಾಕ್ಯವನ್ನು ಒಪ್ಪಿಕೊಳ್ಳುವುದೇ ಶಸ್ತ್ರವೈದ್ಯಕ್ಕೆ ಬಹಳ ಕಷ್ಟವಾಯಿತು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಏಳು ಬಗೆಯ ವೃದ್ಧಿಗಳ ವಿವರಣೆಯಿದೆ. ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ ಇವುಗಳಿಂದಾಗುವ ಆರರ ಜೊತೆಗೆ ಏಳನೆಯದು ಅಂತ್ರವೃದ್ಧಿ. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಮೊದಲಾದವು ಇದಕ್ಕೆ ಕಾರಣಗಳು. ಒತ್ತಿದರೆ ಸದ್ದುಮಾಡುತ್ತ ಮೇಲಕ್ಕೆ ಹೋಗುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ ಎಂಬ ಲಕ್ಷಣ ಇಂದಿನ ಪಠ್ಯಪುಸ್ತಕದಲ್ಲಿಯೂ ಸಲ್ಲುವಷ್ಟು ಖಚಿತವಾಗಿದೆ. ವೃಷಣಚೀಲಕ್ಕೆ ಇಳಿದ ಅಂತ್ರವೃದ್ಧಿ ಅಸಾಧ್ಯವೆಂದೂ, ಇನ್ನೂ ವಂಕ್ಷಣದಲ್ಲಿ, ಎಂದರೆ ತೊಡೆಸಂದಿನಲ್ಲಿಯೇ ಇರುವುದನ್ನು ಅರ್ಧಚಂದ್ರಾಕಾರದ ಮೊನೆಯುಳ್ಳ ಶಲಾಕೆಯಿಂದ ಸುಡಬೇಕೆಂದೂ ಚಿಕಿತ್ಸಾಸ್ಥಾನ ಹೇಳುತ್ತದೆ. ಸುಟ್ಟ ಜಾಗ ಕಲೆಗಟ್ಟಿ ದಾರಿಯನ್ನು ಮುಚ್ಚೀತೆಂಬ ಎಣಿಕೆ ಇದರ ಹಿಂದೆ ಇದ್ದಿರಬೇಕು. ಯುರೋಪು ಮತ್ತು ಅರಬ್ ಜಗತ್ತಿನ ವೈದ್ಯರೂ ಮುಂದೆ ಇದೇ ದಹನವಿಧಿಯನ್ನು ಬಳಸಿದ್ದಾರೆ. ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ಸುಶ್ರುತನು ಎಣಿಸುವ ಕಾರಣಗಳೆಲ್ಲ ದುಡಿಯುವ, ಕಾದಾಡುವ, ಮರ ಹತ್ತುವ ದೊಡ್ಡವರಿಗೆ ಸೇರಿದವು. ತೊಟ್ಟಿಲ ಶಿಶುವಿನ ಉಬ್ಬಿಗೆ ಅವು ಉತ್ತರ ಹೇಳುವುದಿಲ್ಲ. ದೊಡ್ಡವರ ಕಾಯಿಲೆಯ ಕನ್ನಡಿಯಲ್ಲಿ ಮಗುವಿನ ಕಾಯಿಲೆಯನ್ನು ನೋಡುವ ಈ ಅಭ್ಯಾಸ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಎಲ್ಲ ದೇಶಗಳಲ್ಲಿಯೂ ಉಳಿದುಕೊಂಡಿತು.

ಮಗುವನ್ನು ಪ್ರತ್ಯೇಕವಾಗಿ ಕಂಡವರಲ್ಲಿ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಮೊದಲಿಗ. ಎಳೆಯ ಮಗುವಿನಲ್ಲಿ ಕರುಳು ಇಳಿದಾಗ ಕತ್ತಿಗಿಂತ ಮೊದಲು ಪಟ್ಟಿಯನ್ನು ಪ್ರಯೋಗಿಸಿ ನೋಡಬೇಕೆಂದು ಅವನು ಬರೆದ. ಬಟ್ಟೆಯ ಚೂರುಗಳಿಂದ ಮಾಡಿದ ಉಂಡೆಯೊಂದನ್ನು ಪಟ್ಟಿಯ ಕೆಳತುದಿಗೆ ಹೊಲಿದು, ಕರುಳು ಇಳಿಯುವ ದಾರಿಯ ಮೇಲೆ ಅದನ್ನು ಒತ್ತಿ ಕಟ್ಟುವುದು ಅವನ ಕ್ರಮ. ಶಸ್ತ್ರಕ್ರಿಯೆ ಮಾಡಿದಾಗಲೂ ವೃಷಣವನ್ನು ಉಳಿಸಿಕೊಳ್ಳುವ ಎಚ್ಚರ ಅವನಲ್ಲಿ ಕಾಣುತ್ತದೆ. ಆದರೆ ಏಳನೆಯ ಶತಮಾನದ ಈಜೀನದ ಪೌಲ್ ಎಂಬ ಗ್ರೀಕ್ ವೈದ್ಯನ ಗ್ರಂಥದಲ್ಲಿ ಸಂಚಿಯೊಡನೆ ವೃಷಣವನ್ನೂ ಕತ್ತರಿಸಿ ತೆಗೆಯುವ ವಿಧಾನ ಬಂದಿದೆ. ಮಧ್ಯಯುಗದ ಯುರೋಪಿನಲ್ಲಿ ಬಹುಕಾಲ ನಡೆದದ್ದು ಈ ವಿಧಾನವೇ.

ಈ ಅಧ್ಯಾಯ ಓದಲು ಹಿತವಾದದ್ದಲ್ಲ. ಊರೂರು ಅಲೆಯುತ್ತ, ಸಂತೆ ಜಾತ್ರೆಗಳಲ್ಲಿ ಬಿಡಾರ ಹೂಡುತ್ತಿದ್ದ ಹರ್ನಿಯಾ ಕೊಯ್ಯುವವರು ಯುರೋಪಿನಲ್ಲಿ ಒಂದು ಕಸುಬಿನವರೇ ಆಗಿದ್ದರು. ವೈದ್ಯವಿದ್ಯಾಲಯಗಳಲ್ಲಿ ಕಲಿತವರು ಇಂಥ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಅಲೆಮಾರಿ ಕಸುಬುದಾರ ಗಂಡುಮಗುವಿನ ತೊಡೆಸಂದನ್ನು ಸೀಳಿ, ವೀರ್ಯರಜ್ಜುವನ್ನೂ ಸಂಚಿಯನ್ನೂ ಒಟ್ಟಾಗಿ ಕಟ್ಟಿ, ವೃಷಣವನ್ನು ಕತ್ತರಿಸಿ, ಹಣ ಪಡೆದು, ಗಾಯ ಮಾಯುವ ಮೊದಲೇ ಊರು ಬಿಡುತ್ತಿದ್ದ. ಮಗು ಬದುಕಿದರೆ ಹರ್ನಿಯಾ ವಾಸಿಯಾಯಿತೆಂದು ಲೆಕ್ಕ. ಫ್ರಾನ್ಸಿನ ಆಂಬ್ರೋಸ್ ಪಾರೆ (೧೫೧೦–೧೫೯೦) ಇಂಥವರ ವಿರುದ್ಧ ಕಟುವಾಗಿ ಬರೆದ. ಮಕ್ಕಳಲ್ಲಿ ಪಟ್ಟಿ ಕಟ್ಟಿಯೇ ವಾಸಿಮಾಡಬಹುದಾದಲ್ಲಿ ಬೀಜ ತೆಗೆಯುವುದು ಅಪರಾಧವೆಂಬುದು ಅವನ ನಿಲುವು. ಅವನ ಸಮಕಾಲೀನ ಪಿಯರ್ ಫ್ರಾಂಕೊ ಸ್ವತಃ ಈ ಕಸುಬಿನ ಹಿನ್ನೆಲೆಯಿಂದ ಬಂದವನಾದರೂ ವೃಷಣವನ್ನು ಉಳಿಸುವ ಕ್ರಮಗಳನ್ನು ಹುಡುಕಿದ. ಜರ್ಮನ್ ನಾಡಿನ ಲಿಂಡೌ ಪಟ್ಟಣದ ಕಾಸ್ಪರ್ ಸ್ಟ್ರೋಮೈರ್ ೧೫೫೯ರ ತನ್ನ ಸಚಿತ್ರ ಹಸ್ತಪ್ರತಿಯಲ್ಲಿ ಹರ್ನಿಯಾದ ಬಗೆಗಳನ್ನು ಬೇರ್ಪಡಿಸಿ, ಎಲ್ಲದರಲ್ಲಿಯೂ ವೃಷಣವನ್ನು ತೆಗೆಯಬೇಕಾಗಿಲ್ಲವೆಂದು ತೋರಿಸಿದ. ಆದರೂ ಪದ್ಧತಿ ನಿಲ್ಲಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ದಿಯೊನಿ ತನ್ನ ಶಸ್ತ್ರಕ್ರಿಯಾ ಪಾಠಗಳಲ್ಲಿ, ಕತ್ತರಿಸಿದ ವೃಷಣಗಳನ್ನು ಯಾರ ಕಣ್ಣಿಗೂ ಬೀಳದಂತೆ ತನ್ನ ನಾಯಿಗೆ ಉಣಿಸುತ್ತಿದ್ದ ಒಬ್ಬ ಕಸುಬುದಾರನ ಸಂಗತಿಯನ್ನು ದಾಖಲಿಸಿದ್ದಾನೆ. ಗುಣಪಡಿಸಿದೆನೆಂಬ ಹೆಸರಿನಲ್ಲಿ ಎಷ್ಟು ಮಂದಿ ಹುಡುಗರು ತಮ್ಮ ಮುಂದಿನ ಬಾಳನ್ನು ಕಳೆದುಕೊಂಡರೆಂಬುದಕ್ಕೆ ಯಾವ ಕಡತವೂ ಇಲ್ಲ.

ಈ ಕತ್ತಲೆಯ ನಡುವೆ ೧೭೩೫ರ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬಹುದು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಗೆ ಹನ್ನೊಂದು ವರ್ಷದ ಹುಡುಗನೊಬ್ಬ ಬಂದ. ಅವನಿಗೆ ಮೊದಲಿನಿಂದಲೂ ಹರ್ನಿಯಾ ಇತ್ತು. ಜೊತೆಗೆ ವೃಷಣಚೀಲಕ್ಕೂ ತೊಡೆಗೂ ನಡುವೆ ರಂಧ್ರವೊಂದಾಗಿ ಮಲ ಸೋರುತ್ತಿತ್ತು. ಎರಡನೆಯ ಜಾರ್ಜ್ ದೊರೆಯ ಶಸ್ತ್ರವೈದ್ಯನಾಗಿದ್ದ ಕ್ಲಾಡಿಯಸ್ ಅಮ್ಯಾಂಡ್ ಡಿಸೆಂಬರ್ ೬ರಂದು ಶಸ್ತ್ರಕ್ರಿಯೆಗೆ ಕೈಹಾಕಿದಾಗ, ಹರ್ನಿಯಾದ ಸಂಚಿಯೊಳಗೆ ಸಿಕ್ಕಿದ್ದು ಅಪೆಂಡಿಕ್ಸ್ ಎಂಬ ಕರುಳಬಾಲ. ಹುಡುಗ ಯಾವಾಗಲೋ ನುಂಗಿದ್ದ ಗುಂಡುಸೂಜಿಯೊಂದು ಅದನ್ನು ತೂತುಮಾಡಿತ್ತು. ಸೂಜಿಯ ಸುತ್ತ ಕಲ್ಲು ಕಟ್ಟಿತ್ತು. ಅಮ್ಯಾಂಡ್ ಕರುಳಬಾಲವನ್ನು ಕಟ್ಟಿ ಕತ್ತರಿಸಿದ. ಅರಿವಳಿಕೆಯೆಂಬುದು ಹುಟ್ಟಲು ಇನ್ನೂ ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಕಿಯಿದ್ದ ದಿನಗಳವು. ಕೆಲಸ ಹೆಚ್ಚುಕಡಿಮೆ ಅರ್ಧ ಗಂಟೆ ನಡೆಯಿತು. ಹುಡುಗನಿಗೆ ಎಷ್ಟು ನೋವೋ ತನಗೂ ಅಷ್ಟೇ ಶ್ರಮವಾಯಿತೆಂದು ಅಮ್ಯಾಂಡ್ ರಾಯಲ್ ಸೊಸೈಟಿಗೆ ವರದಿ ಮಾಡಿದ. ಹುಡುಗ ಬದುಕಿದ. ದಾಖಲೆಯಲ್ಲಿ ಉಳಿದಿರುವ ಮೊದಲ ಅಪೆಂಡಿಕ್ಸ್ ಶಸ್ತ್ರಕ್ರಿಯೆ ಇದೇ. ಕರುಳಬಾಲ ಸಿಕ್ಕಿಕೊಂಡ ಹರ್ನಿಯಾಕ್ಕೆ ಇಂದಿಗೂ ಅಮ್ಯಾಂಡನ ಹೆಸರಿದೆ. ಆದರೆ ಹರ್ನಿಯಾದ ಮಟ್ಟಿಗೆ ಅವನ ಬಳಿಯೂ ಇದ್ದ ಉಪಾಯ ಹಳೆಯದೇ: ಮೇಲಿನಿಂದ ಒತ್ತಿಹಿಡಿಯುವ ಪಟ್ಟಿ.

ಕಾಯಿಲೆಯ ಮೂಲ ಗೊತ್ತಾದದ್ದು ಇದಾದ ಇಪ್ಪತ್ತು ವರ್ಷಗಳಲ್ಲಿ, ಅಂಗರಚನಾಶಾಸ್ತ್ರದ ಮೇಜಿನ ಮೇಲೆ. ಭ್ರೂಣದಲ್ಲಿ ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಹುಟ್ಟಿಗೆ ಮುನ್ನ ಅದು ತೊಡೆಸಂದಿನ ಕಾಲುವೆಯ ಮೂಲಕ ಕೆಳಗಿಳಿದು ತನ್ನ ಚೀಲವನ್ನು ಸೇರುತ್ತದೆ. ಆಗ ಪೆರಿಟೋನಿಯಂ ಎಂಬ ಹೊಟ್ಟೆಯ ಒಳಪೊರೆ ಕೈಗವಸಿನ ಬೆರಳಿನಂತೆ ಚಾಚಿಕೊಂಡು ಅದೇ ದಾರಿಯಲ್ಲಿ ಇಳಿದಿರುತ್ತದೆ. ವೃಷಣ ನೆಲೆಗೊಂಡ ಮೇಲೆ ಈ ಚಾಚು ಮುಚ್ಚಿ ಹುರಿಯಂತಾಗಿ ಅಳಿದುಹೋಗಬೇಕು. ಮುಚ್ಚದಿದ್ದರೆ ಹೊಟ್ಟೆಗೂ ತೊಡೆಸಂದಿಗೂ ನೇರ ದಾರಿ ಉಳಿಯುತ್ತದೆ. ದಾರಿ ಕಿರಿದಾಗಿದ್ದರೆ ನೀರಷ್ಟೇ ಇಳಿದು ಅಂಡ ಊದುತ್ತದೆ. ಅಗಲವಾಗಿದ್ದರೆ ಕರುಳೇ ಇಳಿಯುತ್ತದೆ. ಇಂಥ ಚಾಚೊಂದಿದೆಯೆಂಬುದು ಎರಡನೆಯ ಶತಮಾನದ ಗ್ಯಾಲೆನನಿಗೂ ಕಂಡಿತ್ತು; ಹೆಣ್ಣುಮಕ್ಕಳಲ್ಲಿಯೂ ಅದಕ್ಕೆ ಸಮನಾದ ಕಾಲುವೆಯನ್ನು ಹಾಲೆಂಡಿನ ನುಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ವರ್ಣಿಸಿದ್ದ. ಆದರೆ ಇದಕ್ಕೂ ಹುಟ್ಟಿನಿಂದ ಬರುವ ಹರ್ನಿಯಾಕ್ಕೂ ಇರುವ ಸಂಬಂಧವನ್ನು ಬಿಡಿಸಿ ತೋರಿಸಿದವರು ಸ್ವಿಸ್ ವಿದ್ವಾಂಸ ಹಾಲರ್, ಲಂಡನ್ನಿನ ಪರ್ಸಿವಲ್ ಪಾಟ್ ಮತ್ತು ಹಂಟರ್ ಸೋದರರು. ೧೭೫೭ರಲ್ಲಿ ಪಾಟ್ ನವಜಾತ ಶಿಶುಗಳಲ್ಲಿ ಕಾಣುವ ವಿಶೇಷ ಬಗೆಯ ಹರ್ನಿಯಾದ ಬಗ್ಗೆ ಪುಸ್ತಿಕೆಯನ್ನು ಪ್ರಕಟಿಸಿ, ಇಲ್ಲಿ ಕರುಳೂ ವೃಷಣವೂ ಒಂದೇ ಸಂಚಿಯೊಳಗೆ ಒಂದನ್ನೊಂದು ತಾಗಿಕೊಂಡಿರುತ್ತವೆಂದು ತಿಳಿಸಿದ. ತನ್ನ ತಮ್ಮ ಜಾನನ ಕೆಲಸವನ್ನು ಪಾಟ್ ಹೆಸರು ಹೇಳದೆ ಬಳಸಿಕೊಂಡನೆಂದು ವಿಲಿಯಂ ಹಂಟರ್ ೧೭೬೨ರ ತನ್ನ ಗ್ರಂಥದಲ್ಲಿ ಆಕ್ಷೇಪಿಸಿದ. ವೃಷಣವನ್ನು ಕೆಳಕ್ಕೆ ನಡೆಸುವ ತಂತುವಿಗೆ ‘ಗುಬರ್ನಾಕ್ಯುಲಂ’, ಎಂದರೆ ಚುಕ್ಕಾಣಿ, ಎಂಬ ಹೆಸರನ್ನು ಕೊಟ್ಟವನು ಜಾನ್ ಹಂಟರನೇ. ಮೊದಲಿಗರು ಯಾರೆಂಬ ಜಗಳದ ಸದ್ದಿನಲ್ಲಿ ಹೊಸ ತಿಳಿವಳಿಕೆಯನ್ನು ಚಿಕಿತ್ಸೆಗೆ ಹೇಗೆ ಬಳಸಬೇಕೆಂಬ ಪ್ರಶ್ನೆ ಅಷ್ಟಾಗಿ ಕೇಳಿಸಲಿಲ್ಲವೆಂದು ನನಗನಿಸುತ್ತದೆ.

ಕೇಳಿಸಿದ್ದರೂ ಉತ್ತರವಿರಲಿಲ್ಲವೆಂಬುದೂ ನಿಜ. ಹೊಟ್ಟೆಯ ಒಳಪೊರೆಯನ್ನು ತೆರೆದರೆ ನಂಜೇರಿ ಸಾಯುವ ಕಾಲ ಅದು. ಆದ್ದರಿಂದ ಮುಂದಿನ ನೂರಿಪ್ಪತ್ತು ವರ್ಷ ಮಕ್ಕಳ ಹರ್ನಿಯಾ ಪಟ್ಟಿಯ ಆಳ್ವಿಕೆಯಲ್ಲಿ ಉಳಿಯಿತು. ೧೮೦೭ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಹರ್ನಿಯಾ ಪಟ್ಟಿಗಳನ್ನು ಒದಗಿಸಲೆಂದೇ ಒಂದು ಸಂಘ ಸ್ಥಾಪನೆಯಾಯಿತು. ಶಿಶುಗಳಿಗೆ ಉಕ್ಕಿನ ಸುರುಳಿಯ ಪಟ್ಟಿ ಒಗ್ಗದ ಕಾರಣ ಉಣ್ಣೆಯ ನೂಲಿನ ಲಡಿಯನ್ನೇ ಪಟ್ಟಿಯಾಗಿ ಬಳಸುವ ಪದ್ಧತಿ ಬಂತು: ಲಡಿಯನ್ನು ಸೊಂಟದ ಸುತ್ತ ತಂದು, ತೊಡೆಸಂದಿನ ಮೇಲೆ ಅದರ ಕುಣಿಕೆಯೊಳಗಿಂದಲೇ ತೂರಿಸಿ, ಉಳಿದ ತುದಿಯನ್ನು ತೊಡೆಗಳ ನಡುವೆ ಹಾಯಿಸಿ ಹಿಂದೆ ಕಟ್ಟುವುದು. ಕುಣಿಕೆಯ ಗಂಟು ಕರುಳಿನ ದಾರಿಗೆ ಅಡ್ಡಲಾಗಿ ಕೂರುತ್ತದೆ. ಒದ್ದೆಯಾದರೆ ಬಿಚ್ಚಿ ಒಗೆದು ಇನ್ನೊಂದನ್ನು ಕಟ್ಟಬಹುದು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬ್ರಿಟನ್ನಿನಲ್ಲಿ ತಾಯಂದಿರು ಇದನ್ನು ಕಟ್ಟಿದ್ದಾರೆ. ಇದನ್ನು ಅಜ್ಞಾನವೆಂದು ನಗುವುದು ಸುಲಭ. ಆದರೆ ಕರುಳನ್ನು ಹೊರಗೆ ತಡೆದರೆ ತೆರೆದುಳಿದ ಚಾಚು ತಾನಾಗಿ ಮುಚ್ಚೀತೆಂಬ ತರ್ಕಕ್ಕೆ ಹಂಟರನ ಅಂಗರಚನೆಯ ಆಧಾರವೇ ಇತ್ತು. ತೊಡಕಿದ್ದದ್ದು ಬೇರೆಡೆ. ಉಬ್ಬು ಕಾಣದಿರುವುದನ್ನೇ ವಾಸಿಯೆಂದು ಎಣಿಸಲಾಯಿತು. ಸಂಚಿ ಖಾಲಿಯಾಗಿ ಅಲ್ಲಿಯೇ ಉಳಿದಿದೆಯೇ ಎಂದು ಕೇಳಿದವರಿಲ್ಲ.

೧೮೪೬ರಲ್ಲಿ ಈಥರ್ ಅರಿವಳಿಕೆ, ೧೮೬೭ರಲ್ಲಿ ಲಿಸ್ಟರನ ನಂಜುನಿವಾರಕ ವಿಧಾನ ಬಂದ ಬಳಿಕ ಚಿತ್ರ ಬದಲಾಯಿತು. ಲಿಸ್ಟರನಲ್ಲಿ ಕಲಿತುಹೋದ ಬೋಸ್ಟನ್ನಿನ ಹೆನ್ರಿ ಮಾರ್ಸಿ ೧೮೭೧ರಲ್ಲಿ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಕ್ಯಾಟ್‌ಗಟ್ ದಾರದಿಂದ ಹರ್ನಿಯಾದ ಬಾಯನ್ನು ಹೊಲಿದ ವರದಿಯನ್ನು ಪ್ರಕಟಿಸಿದ. ಜರ್ಮನಿಯಲ್ಲಿ ಚೆರ್ನಿ, ಲಿವರ್‌ಪೂಲಿನಲ್ಲಿ ಮಿಚೆಲ್ ಬ್ಯಾಂಕ್ಸ್ ಸಂಚಿಯನ್ನು ಎಳೆದು ಅದರ ಕುತ್ತಿಗೆಯನ್ನು ಕಟ್ಟುವ ಕ್ರಮವನ್ನು ರೂಢಿಸಿದರು. ಶಿಶುವಿನಲ್ಲಿ ಕಾಲುವೆಯ ಒಳಬಾಯಿ ಹೊರಬಾಯಿಗಳು ಬಹುಮಟ್ಟಿಗೆ ಒಂದರ ಹಿಂದೊಂದು ಇರುವುದರಿಂದ ಕಾಲುವೆಯನ್ನು ತೆರೆಯದೆಯೇ ಹೀಗೆ ಮಾಡಬಹುದು. ಚಿಕ್ಕ ಶಿಶುಗಳಲ್ಲಿ ಬ್ಯಾಂಕ್ಸ್‌ನ ಹೆಸರಿನ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ದೊಡ್ಡವರಲ್ಲಿ ಹೀಗೆ ಮಾಡಿದಾಗ ಹರ್ನಿಯಾ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಆ ಸಮಸ್ಯೆಯನ್ನು ಗೆದ್ದವನು ಇಟಲಿಯ ಪಾದುವಾದ ಎದ್ವಾರ್ದೊ ಬಸ್ಸೀನಿ. ೧೮೮೪ರಲ್ಲಿ ಆರಂಭಿಸಿ, ೧೮೮೯ರಲ್ಲಿ ೨೬೨ ಹರ್ನಿಯಾಗಳ ಫಲಿತಾಂಶದೊಡನೆ ಅವನು ಪ್ರಕಟಿಸಿದ ವಿಧಾನದಲ್ಲಿ ಸಂಚಿಯನ್ನು ಕಟ್ಟುವುದರ ಜೊತೆಗೆ ವೀರ್ಯರಜ್ಜುವನ್ನು ಎತ್ತಿಹಿಡಿದು, ಸ್ನಾಯುಗಳನ್ನು ತೊಡೆಸಂದಿನ ಬಂಧಕ್ಕೆ ಹೊಲಿದು ಕಾಲುವೆಗೆ ಹೊಸ ಹಿಂಗೋಡೆಯನ್ನೇ ಕಟ್ಟಲಾಗುತ್ತಿತ್ತು. ಹಾಲ್‌ಸ್ಟೆಡ್ ಅಮೆರಿಕದಲ್ಲಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದ್ದ. ದೊಡ್ಡವರ ಹರ್ನಿಯಾಕ್ಕೆ ಇದು ಯುಗಪ್ರವರ್ತಕವಾದ ಉತ್ತರ.

ಮಕ್ಕಳಿಗೆ ಇದೇ ಒಂದು ಕೇಡೂ ಆಯಿತು. ಬಸ್ಸೀನಿಯ ಕೀರ್ತಿ ಎಷ್ಟಿತ್ತೆಂದರೆ, ಎಳೆಯ ಮಗುವಿನ ತೊಡೆಸಂದಿನಲ್ಲಿಯೂ ಅದೇ ಗೋಡೆಯನ್ನು ಕಟ್ಟತೊಡಗಿದರು. ನ್ಯೂಯಾರ್ಕಿನಲ್ಲಿ ಹರ್ನಿಯಾದವರಿಗೂ ಅಂಗವಿಕಲರಿಗೂ ೧೮೬೩ರಲ್ಲಿ ಸ್ಥಾಪಿತವಾದ ಆಸ್ಪತ್ರೆ ಈ ದೃಷ್ಟಿಯಿಂದ ಗಮನಾರ್ಹ. ಅದರ ಸ್ಥಾಪಕ ಜೇಮ್ಸ್ ನೈಟ್ ಕತ್ತಿಯನ್ನು ಒಪ್ಪದ, ಪಟ್ಟಿಯನ್ನೇ ನಂಬಿದ ವೈದ್ಯ. ಅವನ ಕಾಲ ಮುಗಿದ ಮೇಲೆ ಅಲ್ಲಿಯೇ ವಿಲಿಯಂ ಬುಲ್ ಮತ್ತು ವಿಲಿಯಂ ಕೋಲಿ ೧೮೯೦ರ ದಶಕದಲ್ಲಿ ನೂರಾರು ಮಕ್ಕಳಿಗೆ ಬಸ್ಸೀನಿಯ ವಿಧಾನದಲ್ಲಿ ಶಸ್ತ್ರಕ್ರಿಯೆ ನಡೆಸಿದರು. ಫಲಿತಾಂಶ ಚೆನ್ನಾಗಿಯೇ ಇತ್ತು. ಹರ್ನಿಯಾ ಮರುಕಳಿಸಲಿಲ್ಲವೆಂದರೆ ಗೋಡೆ ಕಟ್ಟಿದ್ದರಿಂದಲೇ ಎಂಬ ನಂಬಿಕೆ ಬಲಿಯಿತು. ಮಗುವಿನ ಗೋಡೆಯಲ್ಲಿ ದೌರ್ಬಲ್ಯವೇ ಇರಲಿಲ್ಲವೆಂದೂ, ಸಂಚಿಯ ಕುತ್ತಿಗೆಯನ್ನು ಕಟ್ಟಿದ್ದೇ ಸಾಕಾಗಿತ್ತೆಂದೂ ಆ ಅಂಕಿಅಂಶಗಳಿಂದ ತಿಳಿಯುವಂತಿರಲಿಲ್ಲ. ಯಶಸ್ಸಿನ ಕಾರಣವನ್ನು ತಪ್ಪಾಗಿ ಓದಿದರೂ ಯಶಸ್ಸು ಯಶಸ್ಸಾಗಿಯೇ ಕಾಣುತ್ತದಲ್ಲವೇ?

ಇದನ್ನು ಸರಿಯಾಗಿ ಓದಿದವನು ಲಂಡನ್ ನ್ಯೂಯಾರ್ಕುಗಳಿಂದ ಬಹುದೂರದ ಮೆಲ್ಬರ್ನಿನ ಆರ್. ಹ್ಯಾಮಿಲ್ಟನ್ ರಸೆಲ್ (೧೮೬೦–೧೯೩೩). ಇಂಗ್ಲೆಂಡಿನಲ್ಲಿ ಹುಟ್ಟಿ, ಲಿಸ್ಟರನ ಕೈಕೆಳಗೆ ದುಡಿದು, ೧೮೮೯ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯನಾದವನು. ೧೮೯೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎಳೆಯರ ಹರ್ನಿಯಾದ ಕಾರಣ ಮತ್ತು ಚಿಕಿತ್ಸೆಯನ್ನು ಕುರಿತು ಅವನು ಬರೆದ ಲೇಖನ ಈ ಚರಿತ್ರೆಯ ನಡುಗಂಬವೆನ್ನಬಹುದು. ಅವನ ವಾದ ಸರಳ. ಮಗುವಿನ ಹರ್ನಿಯಾಕ್ಕೆ ಹುಟ್ಟಿನಿಂದ ಉಳಿದ ಸಂಚಿಯೊಂದೇ ಕಾರಣ. ಸಂಚಿಯನ್ನು ಕುತ್ತಿಗೆಯ ಮಟ್ಟದಲ್ಲಿ ಕಟ್ಟಿ ತೆಗೆದರೆ ಕಾಯಿಲೆಯೇ ಹೋಯಿತು. ಸ್ನಾಯುಗಳನ್ನು ಮುಟ್ಟುವ ಅಗತ್ಯವಿಲ್ಲ. ಪಟ್ಟಿ ಕಟ್ಟಿ ‘ವಾಸಿ’ಯಾದ ಮಗುವಿಗೆ ಯೌವನದಲ್ಲಿ ಹರ್ನಿಯಾ ಮರಳಿ ಬರುವುದೂ ಇದರಿಂದ ಅರ್ಥವಾಗುತ್ತದೆ: ಖಾಲಿ ಸಂಚಿ ಅಷ್ಟು ವರ್ಷ ಕಾದು ಕುಳಿತಿತ್ತು. ಅದೇ ವರ್ಷ ಷಿಕಾಗೋದ ಅಲೆಗ್ಸಾಂಡರ್ ಫರ್ಗುಸನ್ ಕೂಡ, ವೀರ್ಯರಜ್ಜುವನ್ನು ಅದರ ಹಾಸಿಗೆಯಿಂದ ಎಬ್ಬಿಸಬೇಡಿರೆಂದು ಬರೆದ. ಶಿಶುವಿನ ವೀರ್ಯನಾಳ ದಪ್ಪನೆಯ ದಾರದಷ್ಟು ಸಪುರ. ವೃಷಣದ ರಕ್ತನಾಳಗಳು ಅದಕ್ಕಿಂತ ನವುರು. ಸಂಚಿಯೋ ಒದ್ದೆಯಾದ ತೆಳುಗಾಗದದಂತೆ ಇವುಗಳಿಗೆ ಅಂಟಿಕೊಂಡಿರುತ್ತದೆ. ಕೆದಕಿದಷ್ಟೂ ಅಪಾಯ. ವೃಷಣವನ್ನು ಕತ್ತರಿಸಿದ ಅಲೆಮಾರಿಯ ಕಾಲ ಹೋಗಿದ್ದರೂ, ಅನವಶ್ಯಕವಾಗಿ ರಜ್ಜುವನ್ನು ಎತ್ತಿ ಹೊಲಿಯುವ ನುರಿತ ಕೈಯೂ ವೃಷಣವನ್ನು ಸೊರಗಿಸಬಲ್ಲದು. ಮಾಡುವುದನ್ನು ಕಡಿಮೆಮಾಡಿರೆಂಬ ಈ ಕರೆಗೆ ಇದ್ದ ತೂಕ ಇದು.

ರಸೆಲ್ ಅಲ್ಲಿಗೆ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ೧೯೦೬ರಲ್ಲಿ ಅವನು ತನ್ನ ಸಂಚಿ ಸಿದ್ಧಾಂತವನ್ನು ಎಲ್ಲ ವಯಸ್ಸಿನ ಹರ್ನಿಯಾಗಳಿಗೂ ಹಿಗ್ಗಿಸಿದ. ಹುಟ್ಟಿನಿಂದ ಬಂದ ಸಂಚಿಯಿಲ್ಲದೆ ಹರ್ನಿಯಾವೇ ಇಲ್ಲವೆಂದ. ಇದು ಅತಿವ್ಯಾಪ್ತಿ. ದೊಡ್ಡವರಲ್ಲಿ ಅಂಗಾಂಶಗಳೇ ದುರ್ಬಲವಾಗುತ್ತವೆಂದು ಆರ್ಥರ್ ಕೀತ್ ೧೯೨೪ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ತೋರಿಸಿದ. ಅತಿಯಾಗಿ ಹೇಳಿದ್ದರಿಂದ ರಸೆಲನ ಸರಿಯಾದ ಅರ್ಧಕ್ಕೂ ಸಲ್ಲಬೇಕಾದ ಮನ್ನಣೆ ತಡವಾಯಿತೆಂದು ನನ್ನ ಊಹೆ. ೧೯೧೨ರಲ್ಲಿ ಲಂಡನ್ನಿನ ಫಿಲಿಪ್ ಟರ್ನರ್ ಮಕ್ಕಳಲ್ಲಿ ಸಂಚಿಯನ್ನು ಎತ್ತರದಲ್ಲಿ ಕಟ್ಟುವುದಷ್ಟೇ ಸಾಕೆಂದು ಸಮರ್ಥಿಸಿದರೂ ಬಸ್ಸೀನಿಯ ನೆರಳು ಸರಿಯಲಿಲ್ಲ.

ಈ ನಡುವೆ ಗ್ಲಾಸ್ಗೋದಲ್ಲಿ ಇನ್ನೊಂದು ದಿಕ್ಕಿನಿಂದ ಕೆಲಸ ನಡೆಯಿತು. ಅಲ್ಲಿನ ಮಕ್ಕಳ ಆಸ್ಪತ್ರೆಯ ಔಷಧಾಲಯದಲ್ಲಿ ಜೇಮ್ಸ್ ನಿಕಾಲ್ ಎಂಬ ಶಸ್ತ್ರವೈದ್ಯ ಹತ್ತು ವರ್ಷಗಳಲ್ಲಿ ನಡೆಸಿದ ೮,೯೮೮ ಹೊರರೋಗಿ ಶಸ್ತ್ರಕ್ರಿಯೆಗಳ ವರದಿಯನ್ನು ೧೯೦೯ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಸಮ್ಮೇಳನದಲ್ಲಿ ಮಂಡಿಸಿದ. ಸೀಳುತುಟಿ, ಸೊಟ್ಟಪಾದ ಮೊದಲಾದವುಗಳ ಜೊತೆಗೆ ಹರ್ನಿಯಾವೂ ಅದರಲ್ಲಿ ಸೇರಿತ್ತು. ಶಸ್ತ್ರಕ್ರಿಯೆಯಾದ ಮಗುವನ್ನು ಅದೇ ದಿನ ತಾಯಿಯ ಮಡಿಲಿಗೆ ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಮೊಲೆಯುಣ್ಣುವ ಮಗುವನ್ನು ತಾಯಿಯಿಂದ ಬೇರ್ಪಡಿಸುವುದೇ ಕೇಡು. ವಾರ್ಡಿನ ಮಂಚಕ್ಕಿಂತ ತಾಯಿಯ ತೋಳು ವಾಸಿ ಎಂಬುದು ನಿಕಾಲನ ಅಭಿಪ್ರಾಯ. ದೂರದಿಂದ ಬಂದ ತಾಯಂದಿರು ಮಕ್ಕಳೊಡನೆ ಉಳಿಯಲು ಹತ್ತಿರದಲ್ಲೊಂದು ಚಿಕ್ಕ ಮನೆಯ ಏರ್ಪಾಡನ್ನೂ ಅವನು ಮಾಡಿದ್ದ. ಹರ್ನಿಯಾದ ಶಸ್ತ್ರಕ್ರಿಯೆಯ ನಂತರ ಮಗುವನ್ನು ವಾರಗಟ್ಟಲೆ ಮಂಚಕ್ಕೆ ಕಟ್ಟಿ ಮಲಗಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಎಡಿನ್‌ಬರೋದ ಗರ್ಟ್ರೂಡ್ ಹರ್ಟ್ಸ್‌ಫೆಲ್ಡ್, ಸ್ಕಾಟ್ಲೆಂಡಿನಲ್ಲಿ ಶಸ್ತ್ರವೈದ್ಯ ವೃತ್ತಿಯನ್ನು ಕೈಗೊಂಡ ಮೊದಲ ಮಹಿಳೆ, ಶಿಶುಗಳ ಹರ್ನಿಯಾಕ್ಕೆ ಇದೇ ಹೊರರೋಗಿ ಕ್ರಮವನ್ನು ಮುಂದುವರಿಸಿ ೧೯೩೮ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಈಚಿನ ದಶಕಗಳಲ್ಲಿ ಹೊಸತೆಂಬಂತೆ ಪ್ರಚಾರಪಡೆದ ‘ಒಂದು ದಿನದ ಶಸ್ತ್ರಚಿಕಿತ್ಸೆ’ಗೆ ಮೂಲಪುರುಷ ನಿಕಾಲನೆಂದು ಈಗ ಒಪ್ಪಲಾಗಿದೆ.

ಷಿಕಾಗೋದ ಮಕ್ಕಳ ಆಸ್ಪತ್ರೆಯ ವಿಲ್ಲಿಸ್ ಪಾಟ್ಸ್ ಮತ್ತು ಸಂಗಡಿಗರು ೧೯೫೦ರಲ್ಲಿ ಪ್ರಕಟಿಸಿದ ಲೇಖನದ ಹೊತ್ತಿಗೆ ವಾದ ಮುಗಿಯಿತೆನ್ನಬಹುದು. ನೀಲಿಶಿಶುಗಳ ಹೃದಯದ ಶಸ್ತ್ರಕ್ರಿಯೆಯಿಂದ ಆಗಲೇ ಹೆಸರಾಗಿದ್ದ ಪಾಟ್ಸ್ ಈ ಕಿರಿಯ ಕೆಲಸದ ಬಗ್ಗೆ ಹೇಳಿದ್ದು ರಸೆಲನ ಮಾತನ್ನೇ: ಸಂಚಿಯನ್ನು ಎತ್ತರದಲ್ಲಿ ಕಟ್ಟಿ ತೆಗೆಯಿರಿ, ಬೇರೇನನ್ನೂ ಮಾಡಬೇಡಿ, ಕಾಯಿಲೆ ಕಂಡೊಡನೆ ಮಾಡಿ. ಬೋಸ್ಟನ್ನಿನ ರಾಬರ್ಟ್ ಗ್ರಾಸ್ ೧೯೫೩ರ ತಮ್ಮ ಗ್ರಂಥದಲ್ಲಿ ೩,೮೭೪ ಮಕ್ಕಳಲ್ಲಿ ಮರುಕಳಿಕೆ ಶೇ. ೦.೪೫ ಮಾತ್ರವೆಂದು ದಾಖಲಿಸಿದರು. ಕಾದುನೋಡುವ ಕ್ರಮಕ್ಕೆ ವಿರುದ್ಧವಾದ ಪ್ರಬಲ ಕಾರಣ ಇನ್ನೊಂದಿತ್ತು. ಇಳಿದ ಕರುಳು ಕಿರಿದಾದ ಬಾಯಲ್ಲಿ ಸಿಕ್ಕಿಬಿದ್ದರೆ ಅದರ ರಕ್ತಸಂಚಾರ ನಿಂತು ಕೊಳೆಯುತ್ತದೆ; ಜೊತೆಗೆ ಒತ್ತಡದಿಂದ ವೃಷಣವೂ ಸಾಯಬಹುದು. ಮೊದಲ ವರ್ಷದ ಶಿಶುಗಳಿಗೇ ಈ ಅಪಾಯ ಹೆಚ್ಚು. ಸಿಕ್ಕಿದ ಕರುಳನ್ನು ಮಗುವಿಗೆ ಮಂಪರು ಬರಿಸಿ, ಬೆರಳುಗಳಿಂದ ಮೆಲ್ಲನೆ ಒತ್ತಿ ಒಳಗೆ ಕಳುಹಿಸಿ, ಊತ ಇಳಿಯಲು ಒಂದೆರಡು ದಿನ ಬಿಟ್ಟು ಶಸ್ತ್ರಕ್ರಿಯೆ ಮಾಡುವ ಕ್ರಮವೂ ಈ ದಶಕದಲ್ಲಿಯೇ ನೆಲೆಗೊಂಡಿತು.

ಹೆಣ್ಣುಮಕ್ಕ��ಲ್ಲಿ ಸಂಚಿಯೊಳಗೆ ಅಂಡಾಶಯ ಇಳಿದಿರುವುದು ಸಾಮಾನ್ಯ. ಅಪರೂಪಕ್ಕೆ ಅಲ್ಲಿ ವೃಷಣವೇ ಸಿಗುವುದುಂಟು. ಗಂಡು ವರ್ಣತಂತುಗಳಿದ್ದೂ ದೇಹ ಹೆಣ್ಣಾಗಿ ಬೆಳೆಯುವ ಈ ಸ್ಥಿತಿಯನ್ನು ೧೯೫೩ರಲ್ಲಿ ಅಮೆರಿಕದ ಮಾರಿಸ್ ವ್ಯವಸ್ಥಿತವಾಗಿ ವಿವರಿಸಿದ. ಒಂದು ಸಣ್ಣ ಉಬ್ಬಿನ ಚಿಕಿತ್ಸೆ ಒಂದು ಕುಟುಂಬವನ್ನು ಎಂಥ ಪ್ರಶ್ನೆಯೆದುರು ನಿಲ್ಲಿಸಬಹುದೆಂಬುದಕ್ಕೆ ಇದು ಉದಾಹರಣೆ.

ಹೆಚ್ಚು ಮಾಡಬೇಕೆಂಬ ಆಸೆ ಮತ್ತೊಂದು ಬಾಗಿಲಿನಿಂದ ಒಳಬಂದದ್ದು ೧೯೫೫ರಲ್ಲಿ. ಒಂದು ಕಡೆ ಹರ್ನಿಯಾವಿದ್ದ ಮಕ್ಕಳ ಇನ್ನೊಂದು ಕಡೆಯನ್ನೂ ತೆರೆದು ನೋಡಿದ ರಾಥೆನ್‌ಬರ್ಗ್ ಮತ್ತು ಬಾರ್ನೆಟ್, ಒಂದು ವರ್ಷದೊಳಗಿನ ಎಲ್ಲ ಶಿಶುಗಳಲ್ಲಿ ಮತ್ತು ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಶೇ. ೬೫.೮ರಷ್ಟರಲ್ಲಿ ಅಲ್ಲಿಯೂ ಚಾಚು ತೆರೆದಿದೆಯೆಂದು ವರದಿ ಮಾಡಿದರು. ಹಲವು ದಶಕ ಅನೇಕ ಶಸ್ತ್ರವೈದ್ಯರು ಕಾಯಿಲೆಯಿಲ್ಲದ ಕಡೆಯನ್ನೂ ತೆರೆಯುತ್ತ ಬಂದರು. ಆದರೆ ತೆರೆದ ಚಾಚು ಬೇರೆ, ಹರ್ನಿಯಾ ಬೇರೆ. ೧೯೯೭ರಲ್ಲಿ ಪ್ರಕಟವಾದ, ಹದಿನೈದು ಸಾವಿರಕ್ಕೂ ಹೆಚ್ಚು ಮಕ್ಕಳ ವರದಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಇನ್ನೊಂದು ಕಡೆಯಲ್ಲಿ ಮುಂದೆ ಹರ್ನಿಯಾ ಬಂದದ್ದು ಸುಮಾರು ಶೇ. ೭ರಷ್ಟು ಮಕ್ಕಳಿಗೆ ಮಾತ್ರ. ಉಳಿದವರ ವೀರ್ಯನಾಳವನ್ನು ಕಾರಣವಿಲ್ಲದೆ ಅಪಾಯಕ್ಕೆ ಒಡ್ಡಲಾಗಿತ್ತೆಂದು ಇದರ ಅರ್ಥ. ೧೯೯೨ರಲ್ಲಿ ಲೋಬ್ ಮತ್ತು ಷ್ರಾಪ್ ಉದರದರ್ಶಕವನ್ನು ಒಳಗೆ ತೂರಿಸಿ ಇನ್ನೊಂದು ಕಡೆಯನ್ನು ಕೊಯ್ಯದೆಯೇ ನೋಡುವ ಉಪಾಯವನ್ನು ತಂದರು. ೧೯೯೭ರಲ್ಲಿ ಎಲ್‌ಗೊಹಾರಿ ಹೆಣ್ಣುಮಕ್ಕಳಲ್ಲಿ, ನಂತರ ಜರ್ಮನಿಯ ಷೀರ್ ಮೊದಲಾದವರು ಗಂಡುಮಕ್ಕಳಲ್ಲಿಯೂ ಅದರ ನೆರವಿನಿಂದಲೇ ಶಸ್ತ್ರಕ್ರಿಯೆ ನಡೆಸಿದರು. ಜಪಾನಿನಲ್ಲಿ ಚರ್ಮದ ಮೂಲಕವೇ ಸೂಜಿ ತೂರಿಸಿ ಒಳಬಾಯಿಯ ಸುತ್ತ ದಾರ ಬಿಗಿಯುವ ವಿಧಾನವನ್ನು ತಕೆಹಾರ ರೂಪಿಸಿದರು. ಉಪಕರಣ ಬದಲಾದರೂ ಬಿಗಿಯುವ ಗಂಟು ರಸೆಲ್ ಹೇಳಿದ ಜಾಗದಲ್ಲಿಯೇ ಇದೆ.

ಈಗ ಉಳಿದಿರುವ ಗಂಭೀರ ಪ್ರಶ್ನೆ ಅರಿವಳಿಕೆಗೂ ಕಾಲಕ್ಕೂ ಸಂಬಂಧಿಸಿದ್ದು. ಅವಧಿಗೆ ಮುನ್ನ ಹುಟ್ಟಿ, ಯಂತ್ರಗಳ ನೆರವಿನಿಂದ ಉಳಿದ ಶಿಶುಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚಿದಂತೆ ಹರ್ನಿಯಾಗಳೂ ಹೆಚ್ಚಿದವು. ಇಂಥ ಶಿಶುಗಳು ಈ ಸಣ್ಣ ಶಸ್ತ್ರಕ್ರಿಯೆಯ ನಂತರ ಉಸಿರು ನಿಲ್ಲಿಸುವ ಅಪಾಯ ಹೆಚ್ಚೆಂದು ೧೯೮೨ರಲ್ಲಿ ಸ್ಟೀವರ್ಡ್ ತೋರಿಸಿದ. ಪರಿಹಾರವಾಗಿ ೧೯೮೪ರಲ್ಲಿ ಅಮೆರಿಕದ ಅಬಾಜಿಯನ್ ಮತ್ತು ಸಂಗಡಿಗರು ಬೆನ್ನುಹುರಿಯ ಅರಿವಳಿಕೆಯನ್ನು ಮತ್ತೆ ಬಳಕೆಗೆ ತಂದರು. ಮತ್ತೆ ಎನ್ನಲು ಕಾರಣವಿದೆ: ನ್ಯೂಯಾರ್ಕಿನ ಬೇನ್‌ಬ್ರಿಜ್ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿಯೇ ಮೂರು ತಿಂಗಳ ಶಿಶುವಿನ ಸಿಕ್ಕಿಬಿದ್ದ ಹರ್ನಿಯಾಕ್ಕೆ ಹೀಗೆ ಶಸ್ತ್ರಕ್ರಿಯೆ ಮಾಡಿದ್ದ, ೧೯೦೯ರಲ್ಲಿ ಲಂಡನ್ನಿನ ಟಿರೆಲ್ ಗ್ರೇ ಮಕ್ಕಳಲ್ಲಿ ಅದರ ಬಳಕೆಯನ್ನು ವಿಸ್ತಾರವಾಗಿ ಬರೆದಿದ್ದ. ಎಳೆಯ ಮೆದುಳಿಗೆ ಪೂರ್ಣ ಅರಿವಳಿಕೆಯಿಂದ ಹಾನಿಯೇ ಎಂಬ ಆತಂಕ ಪ್ರಾಣಿಪ್ರಯೋಗಗಳಿಂದ ಎದ್ದಾಗ, ಅದನ್ನು ಪರೀಕ್ಷಿಸಲು ಆರಿಸಿಕೊಂಡದ್ದೂ ಇದೇ ಹರ್ನಿಯಾದ ಶಸ್ತ್ರಕ್ರಿಯೆಯನ್ನು. ಏಳು ದೇಶಗಳ ೭೨೨ ಶಿಶುಗಳನ್ನು ಒಳಗೊಂಡ ಆ ಅಧ್ಯಯನ ೨೦೧೬ ಮತ್ತು ೨೦೧೯ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು, ಒಂದು ಗಂಟೆಯೊಳಗಿನ ಪೂರ್ಣ ಅರಿವಳಿಕೆಗೂ ಎಚ್ಚರದಲ್ಲಿಯೇ ಕೊಡುವ ಸ್ಥಳೀಯ ಅರಿವಳಿಕೆಗೂ ಐದನೆಯ ವಯಸ್ಸಿನ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಕಂಡೊಡನೆ ಮಾಡಿರೆಂಬ ಪಾಟ್ಸ್‌ನ ಸೂತ್ರ ಅವಧಿಪೂರ್ವ ಶಿಶುಗಳ ಮಟ್ಟಿಗೆ ೨೦೨೪ರಲ್ಲಿ ಸಡಿಲಗೊಂಡಿತು. ಅಮೆರಿಕದ ೩೯ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಗೆ ಮುನ್ನವೇ ಶಸ್ತ್ರಕ್ರಿಯೆಗೆ ಗೊತ್ತುಮಾಡಿದ ಶಿಶುಗಳಲ್ಲಿ ಶೇ. ೨೮ರಷ್ಟಕ್ಕೆ ಗಂಭೀರ ತೊಂದರೆಗಳಾದರೆ, ಗರ್ಭಕಾಲವನ್ನೂ ಸೇರಿಸಿ ಎಣಿಸಿದ ವಯಸ್ಸು ೫೫ ವಾರ ಮೀರುವವರೆಗೆ ಕಾಯಿಸಿದವರಲ್ಲಿ ಅದು ಶೇ. ೧೮ರಷ್ಟಿತ್ತು. ಕಾಯುವ ತಿಂಗಳುಗಳಲ್ಲಿ ಉಬ್ಬು ಗಟ್ಟಿಯಾಗಿದೆಯೇ, ಮಗು ವಾಂತಿ ಮಾಡುತ್ತಿದೆಯೇ, ಒತ್ತಿದರೆ ಒಳಗೆ ಹೋಗುತ್ತದೆಯೇ ಎಂದು ಪ್ರತಿ ಬಾರಿ ಬಟ್ಟೆ ಬದಲಿಸುವಾಗಲೂ ನೋಡಿಕೊಳ್ಳಬೇಕಾದವರು ಮನೆಯಲ್ಲಿರುವ ತಾಯಿತಂದೆಯರು. ಬಿಡುಗಡೆಯ ದಿನ ವೈದ್ಯರು ಅವರಿಗೆ ಕಲಿಸಿ ಕಳುಹಿಸುವುದೂ ಈ ಮೂರು ಲಕ್ಷಣಗಳನ್ನೇ.